ಸಾದಹಳ್ಳಿ ಟೋಲಿನ ಸಂದೇಶ ಮತ್ತು ನಾಲ್ಕು ನೆಪಗಳು

ತ್ಯಾಗರಾಜನಗರ, ಬೆಂಗಳೂರು
ಭಾನುವಾರ

ಚಿರಂಜೀವಿ ಶ್ರೀಹರ್ಷನಿಗೆ ನಿನ್ನ ದೊಡ್ಡಮ್ಮ ಮಾಡುವ ಅನೇಕ ಆಶೀರ್ವಾದಗಳು. ಉಭಯಕುಶಲೋಪರಿ.

ಮೊನ್ನೆ ರಾತ್ರಿ ನೀನು ಫೋನು ಮಾಡಿ, ನಿನ್ನ ಹೆಂಡತಿ ಮೇಘನಾಳಿಗೆ ನಾಲ್ಕು ಬುದ್ಧಿಮಾತು ಹೇಳಬೇಕೆಂದು ಕೇಳಿಕೊಂಡೆ. ಯೋಚಿಸಿ ನೋಡಿದ ಮೇಲೆ ಆ ಮಾತುಗಳನ್ನು ನಿನಗೇ ಹೇಳುವುದು ಸರಿಯೆಂದು ತೋರಿತು. ಎದುರಿಗೆ ಕೂರಿಸಿಕೊಂಡು ಹೇಳಿದರೆ ನಡುವೆ ಬಾಯಿ ಹಾಕಿ ಸಮಜಾಯಿಷಿ ಕೊಡುವುದು ನಿನ್ನ ಚಿಕ್ಕಂದಿನ ಅಭ್ಯಾಸವಾದ್ದರಿಂದ ಕಾಗದ ಬರೆಯುತ್ತಿದ್ದೇನೆ. ಪೂರ್ತಿ ಓದಿದ ಮೇಲೆ ಸಿಟ್ಟು ಬಂದರೆ ಬರಲಿ.

ನೀನು ಅಷ್ಟು ಹೊತ್ತು ಹೇಳಿದ್ದರಲ್ಲಿ ನಡೆದ ಸಂಗತಿ ಇಷ್ಟೇ. ಓದುವ ಕಾಲದಲ್ಲಿ ನೀನು ಮದುವೆಯಾಗಬೇಕೆಂದಿದ್ದ ಹುಡುಗಿ ಕೆಲಸದ ಮೇಲೆ ಊರಿಗೆ ಬಂದಿದ್ದಳು. ಆಕೆಯೊಂದಿಗೆ ಊಟ ಮಾಡಿ, ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದೆ. ಮೇಘನಾಳಿಗೆ ಮಾತ್ರ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೇನೆಂದು ವಾಟ್ಸಾಪ್ ಮಾಡಿದೆ. ಕಾರು ಇರುವುದು ಅವಳ ಹೆಸರಿನಲ್ಲಿ, ಫಾಸ್ಟ್ಯಾಗಿಗೆ ಕೊಟ್ಟಿರುವುದೂ ಅವಳದೇ ಮೊಬೈಲ್ ಸಂಖ್ಯೆ. ಹೀಗಾಗಿ ವಿಮಾನ ನಿಲ್ದಾಣದ ದಾರಿಯಲ್ಲಿರುವ ಸಾದಹಳ್ಳಿ ಟೋಲಿನಲ್ಲಿ ಹಣ ಕಡಿತವಾಯಿತೆಂಬ ಸಂದೇಶ ನೀನು ಮನೆ ಸೇರುವ ಮೊದಲೇ ಅವಳ ಕೈಯಲ್ಲಿತ್ತು. ದಕ್ಷಿಣದ ಸಿಲ್ಕ್ ಬೋರ್ಡ್ ಎಲ್ಲಿ, ಬಳ್ಳಾರಿ ರಸ್ತೆಯಲ್ಲಿ ಯಲಹಂಕವನ್ನೂ ದಾಟಿ ಹೋದ ಮೇಲೆ ಸಿಗುವ ಸಾದಹಳ್ಳಿ ಎಲ್ಲಿ! (2025ರ ಆಗಸ್ಟಿನಿಂದ ಆರ್.ವಿ. ರಸ್ತೆಗೂ ಬೊಮ್ಮಸಂದ್ರಕ್ಕೂ ನಡುವೆ ಸಿಲ್ಕ್ ಬೋರ್ಡಿನ ಮೂಲಕವೇ ಹಳದಿ ಮಾರ್ಗದ ಮೆಟ್ರೋ ಓಡುತ್ತಿದೆ, ನಿನ್ನ ಎಲೆಕ್ಟ್ರಾನಿಕ್ ಸಿಟಿಗೂ ಅದೇ ದಾರಿ. ಆದರೂ ಊರಿನ ಗಂಡಸರಿಗೆ ಸಿಲ್ಕ್ ಬೋರ್ಡಿನ ನೆಪ ಇನ್ನೂ ಹಳತಾಗಿಲ್ಲ.)

ಪರಿಚಯದ ಹೆಣ್ಣುಮಗಳೊಬ್ಬಳನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದದ್ದನ್ನು ನಾನು ಪಾಪವೆಂದು ಎಣಿಸುವುದಿಲ್ಲ. ಅದನ್ನು ಮುಚ್ಚಿಟ್ಟದ್ದು ತಪ್ಪು. ಆದರೆ ಆ ತಪ್ಪೂ ಅಂದೇ ರಾತ್ರಿ ಒಂದು ಜಗಳದಲ್ಲಿ ತೀರಿಹೋಗಬಹುದಾಗಿತ್ತು. ಇಂದು ಅವಳು ಊಟದ ಮೇಜಿನಲ್ಲಿ ನಿನ್ನ ಮುಖವನ್ನೂ ನೋಡದಂತಾಗಿರುವುದು ಸಿಕ್ಕಿಬಿದ್ದ ಮೇಲೆ ನೀನು ಆಡಿದ ಮಾತುಗಳಿಂದ.

ಮೊದಲು ನೀನು ಫಾಸ್ಟ್ಯಾಗಿನ ಮೇಲೆ ಹಾಕಿದೆ. ಮನೆಯಲ್ಲಿ ನಿಂತ ಗಾಡಿಗೂ ಹಣ ಕಡಿತವಾದ ಸುದ್ದಿಗಳನ್ನು ನಾವೆಲ್ಲರೂ ಓದಿರುವುದರಿಂದ ಅದು ನಂಬಬಹುದಾದ ಮಾತೇ ಆಗಿತ್ತು, ಅವಳು ನಂಬಿಯೂ ಬಿಟ್ಟಳು. ನಂಬಿದವಳು ಸುಮ್ಮನೆ ಕೂರಲಿಲ್ಲ. ಗಂಡನ ದುಡ್ಡು ಅನ್ಯಾಯವಾಗಿ ಹೋಯಿತಲ್ಲ ಎಂದು ಹೆದ್ದಾರಿ ಪ್ರಾಧಿಕಾರದ 1033ಕ್ಕೆ ಫೋನು ಹಚ್ಚಿ, ಗಾಡಿಯ ಸಂಖ್ಯೆ, ಸಂದೇಶ ಬಂದ ಸಮಯ ಎಲ್ಲವನ್ನೂ ಒಂದು ಚೀಟಿಯ ಮೇಲೆ ಬರೆದುಕೊಂಡು ದೂರು ಕೊಡಲು ಕುಳಿತಳು. ನೀನು ಪಕ್ಕದಲ್ಲೇ ಕಾಫಿ ಕುಡಿಯುತ್ತ ನೋಡುತ್ತಿದ್ದೆ. ಹರ್ಷ, ನೀನು ನನಗೆ ಹೇಳಿದ ಇಡೀ ಕಥೆಯಲ್ಲಿ ನನ್ನ ಮನಸ್ಸಿಗೆ ಹೆಚ್ಚು ನೋವಾದದ್ದು ಈ ಘಟನೆ. ಇದನ್ನು ನೀನು ನಗುತ್ತ ಹೇಳಿದೆ. ಆ ಚೀಟಿಯನ್ನು ಈಗ ಅವಳು ಎಷ್ಟು ಸಲ ನೆನೆಸಿಕೊಂಡಿರಬಹುದೆಂದು ಯೋಚಿಸಿದ್ದೀಯಾ? ನಿನ್ನ ಸುಳ್ಳಿಗೆ ಅವಳೇ ಓಡಾಡಿ ಸಾಕ್ಷಿ ಕಟ್ಟುತ್ತಿದ್ದಳೆಂಬುದು ತಿಳಿದ ಗಳಿಗೆಯಲ್ಲಿ, ಆ ಹುಡುಗಿ ಯಾರು, ಏನು ಎಂಬುದೆಲ್ಲ ಅವಳಿಗೆ ಎರಡನೆಯ ಮಾತಾಗಿರುತ್ತದೆ.

ಆ ದೂರನ್ನು ತಡೆಯುವುದಕ್ಕಾಗಿ ಎರಡನೆಯ ನೆಪ ಹುಟ್ಟಿತು: ಆಫೀಸಿನ ಗೆಳೆಯನೊಬ್ಬ ಕಾರು ತೆಗೆದುಕೊಂಡು ಹೋಗಿದ್ದನಂತೆ. ಏನೂ ಅರಿಯದ ಆ ಗೆಳೆಯನನ್ನೂ ಅವನ ಹೆಂಡತಿಯನ್ನೂ ಇದರೊಳಗೆ ಎಳೆದು ತಂದೆ. ಅದು ಮರುದಿನವೇ ಬಿದ್ದುಹೋದ ಮೇಲೆ ಮೂರನೆಯದಾಗಿ ಅರ್ಧ ನಿಜ ಹೊರಗೆ ಬಂದಿತು: ಬಿಟ್ಟು ಬಂದದ್ದು ಹೌದು, ಊಟ ಮಾಡಿದ್ದು ಇಲ್ಲ. ಊಟದ ಬಿಲ್ಲನ್ನು ಯುಪಿಐನಲ್ಲಿ ಕೊಟ್ಟದ್ದು ನಿನಗೇ ಮರೆತಿತ್ತು.

ಇವು ಮೂರೂ ಹೆದರಿದವನು ಆಡುವ ಮಾತುಗಳೆಂದು ಬಿಟ್ಟುಬಿಡಬಹುದು. ನಾಲ್ಕನೆಯದನ್ನು ಹಾಗೆ ಬಿಡಲು ನನ್ನಿಂದಾಗದು. "ಹೇಳಿದ್ದರೆ ನೀನು ಅನುಮಾನ ಪಡುತ್ತಿದ್ದೆ, ಅದಕ್ಕೇ ಹೇಳಲಿಲ್ಲ" ಎಂದು ಅವಳಿಗೆ ಹೇಳಿದೆಯಂತೆ. ನನಗೂ ಅದನ್ನೇ ಹೇಳಿದೆ, ಅದೇ ನಿನ್ನ ದೊಡ್ಡ ಸಮರ್ಥನೆಯೆಂಬಂತೆ. ಈ ಮದುವೆಯಲ್ಲಿ ಇದುವರೆಗೆ ಅವಳು ಯಾವಾಗ ಅನುಮಾನ ಪಟ್ಟಿದ್ದಳು? ಟೋಲಿನ ಸಂದೇಶ ಕೈಯಲ್ಲಿದ್ದರೂ ನಿನ್ನನ್ನು ನಂಬಿ 1033ಕ್ಕೆ ಫೋನು ಮಾಡಿದವಳು ಅವಳು. ಕುಣಿಯಲು ಬಾರದವಳು ನೆಲ ಡೊಂಕೆಂದಂತೆ, ನೀನು ಸುಳ್ಳು ಹೇಳಿದ್ದಕ್ಕೆ ಅವಳ ಸ್ವಭಾವವನ್ನು ಕಾರಣ ಮಾಡಿದೆ. ಮಾಡಿದವನು ನೀನು, ಆದರೆ ಆ ಮಾತಿನ ನಂತರ ತನ್ನನ್ನು ಸಮರ್ಥಿಸಿಕೊಳ್ಳುವ ಸ್ಥಿತಿಗೆ ಬಂದವಳು ಅವಳು. ಮೊದಲ ಮೂರಕ್ಕೆ ಅವಳು ನಿನ್ನ ಮೇಲೆ ಸಿಟ್ಟಾಗಿರಬಹುದು. ಅವಳು ಮಾತು ನಿಲ್ಲಿಸಿರುವುದು ಈ ನಾಲ್ಕನೆಯದರಿಂದ.

ನಿನ್ನ ಅಮ್ಮ "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎನ್ನುತ್ತಾಳೆ. ಉಪ್ಪು ಹೆಚ್ಚಾದ ಸಾರಿಗೆ, ತವರಿಗೆ ಹೋಗುವ ದಿನಕ್ಕೆ ಆಗುವ ಜಗಳಗಳಿಗೆ ಆ ಗಾದೆ ಸರಿಯಾದದ್ದೇ. ಇದಕ್ಕೆ ಸಲ್ಲುವುದಿಲ್ಲವೆಂದು ನಾನು ಹೇಳುವುದಕ್ಕೆ ಕಾರಣವಿದೆ. ಕೌಟುಂಬಿಕ ನ್ಯಾಯಾಲಯದಲ್ಲಿ ಶಿರಸ್ತೇದಾರಳಾಗಿದ್ದಾಗ ನನ್ನ ಮೇಜಿನ ಮೇಲಿಂದ ಹಾದುಹೋದ ಅರ್ಜಿಗಳನ್ನು ಓದದೆ ವಿಧಿಯಿರಲಿಲ್ಲ. ಮೂಲ ತಪ್ಪಿಗೆ ಅರ್ಜಿಯಲ್ಲಿ ಅನೇಕ ವೇಳೆ ಒಂದೇ ಪರಿಚ್ಛೇದ ಇರುತ್ತಿತ್ತು; ಅದನ್ನು ಮುಚ್ಚಲು ಯಾವ ದಿನ ಯಾವ ಸುಳ್ಳು ಹೇಳಿದರೆಂಬುದಕ್ಕೆ ಪುಟಗಟ್ಟಲೆ. ಹೆಣ್ಣುಮಕ್ಕಳ ಅರ್ಜಿಗಳಷ್ಟೇ ಅಲ್ಲ, ಗಂಡಸರವೂ ಹಾಗೆಯೇ. ವಿಚಾರಣೆಗೆ ಮೊದಲು ರಾಜಿಗೆ ಪ್ರಯತ್ನಿಸಬೇಕೆಂದು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯೇ ಹೇಳುತ್ತದೆ. ಆ ರಾಜಿ ಮಾತುಕತೆಗೆ ಬಂದವರಲ್ಲಿಯೂ ಹೊಸದೊಂದು ನೆಪದೊಂದಿಗೆ ಬಂದವರು ಬರಿಗೈಯಲ್ಲಿ ಹಿಂದಿರುಗುತ್ತಿದ್ದರು.

ನಿಮ್ಮಿಬ್ಬರ ವಿಷಯ ಅಲ್ಲಿಯವರೆಗೆ ಹೋಗುತ್ತದೆಂದು ಹೆದರಿಸುತ್ತಿಲ್ಲ. ಆದರೆ ಆ ಕಾಗದಗಳ ನಡುವೆ ಕಲಿತ ಒಂದು ಸಂಗತಿ ನಿನಗೆ ಈಗ ಉಪಯೋಗಕ್ಕೆ ಬರುತ್ತದೆ. 1955ರ ಹಿಂದೂ ವಿವಾಹ ಕಾಯಿದೆಯ 23ನೆಯ ಕಲಮಿನಲ್ಲಿ, ಸಂಗಾತಿಯ ವ್ಯಭಿಚಾರವನ್ನೋ ಕ್ರೌರ್ಯವನ್ನೋ ಒಮ್ಮೆ ಕ್ಷಮಿಸಿದವರು ಅದನ್ನೇ ವಿಚ್ಛೇದನಕ್ಕೆ ಆಧಾರ ಮಾಡಿಕೊಳ್ಳಲಾಗದೆಂಬ ನಿಯಮವಿದೆ. ಕ್ಷಮಿಸುವುದೆಂದರೆ ತಪ್ಪನ್ನು ಮನ್ನಿಸಿ ಸಂಗಾತಿಗೆ ಮೊದಲಿದ್ದ ಸ್ಥಾನವನ್ನೇ ಮರಳಿ ಕೊಡುವುದು ಎಂದು 1975ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ವಿವರಿಸಿದೆ. ಆದರೆ ನಡೆದದ್ದೇನೆಂದು ತಿಳಿದು ಕ್ಷಮಿಸಿದ್ದರೆ ಮಾತ್ರ ಅದು ಕ್ಷಮೆ. ಮುಚ್ಚಿಟ್ಟದ್ದಕ್ಕೆ ಅದು ಸಲ್ಲುವುದಿಲ್ಲ. ನಿನ್ನದು ವ್ಯಭಿಚಾರವೂ ಅಲ್ಲ, ಕ್ರೌರ್ಯವೂ ಅಲ್ಲ. ಆದರೂ ಆ ತರ್ಕ ಮನೆಗೂ ಹೊಂದುತ್ತದೆ: ಮೇಘನಾಳಿಗೆ ಗೊತ್ತಿರುವುದನ್ನಷ್ಟೇ ಅವಳು ಕ್ಷಮಿಸಬಲ್ಲಳು, ನೀನು ಉಳಿಸಿಕೊಂಡದ್ದು ಮುಂದೊಂದು ದಿನ ಹೊರಬಿದ್ದರೆ ಈಗ ಕ್ಷಮಿಸಿದ್ದೂ ಸೇರಿ ಹಿಂದೆ ಹೋಗುತ್ತದೆ.

ಆದ್ದರಿಂದ ಅವಳ ಎದುರು ಕುಳಿತು, ಇನ್ನು ಏನಾದರೂ ಹೇಳದೆ ಉಳಿದಿದ್ದರೆ ಅದನ್ನೂ ಸೇರಿಸಿ, ಒಂದೇ ಸಲಕ್ಕೆ ಹೇಳಿಬಿಡು. ಊಟಕ್ಕೆ ಯಾರು ಮೊದಲು ಕರೆದರು, ಎಷ್ಟು ಕಾಲದಿಂದ ಮೆಸೇಜುಗಳು ನಡೆದಿವೆ ಎಂಬುದನ್ನು ನನಗೆ ಹೇಳುವಾಗಲೂ ನೀನು ಹಾರಿಸಿಬಿಟ್ಟೆ. ಅವಳು ಕೇಳುವುದಕ್ಕೆ ಮೊದಲೇ ಅವನ್ನು ಹೇಳು. ಏಕೆ ಮುಚ್ಚಿಟ್ಟೆ ಎಂದು ಕೇಳಿದರೆ, ನಿನ್ನ ಬಗ್ಗೆ ಮಾತ್ರ ಹೇಳಿ ನಿಲ್ಲಿಸು: ಆ ಹುಡುಗಿಯನ್ನು ನೋಡುವ ಆಸೆಯಿತ್ತೋ, ಹೇಳಲು ಧೈರ್ಯವಿರಲಿಲ್ಲವೋ, ಏನಿದೆಯೋ ಅದು. ನಾಲ್ಕನೆಯ ಮಾತನ್ನು ಹೆಸರಿಟ್ಟು ಹಿಂದಕ್ಕೆ ತೆಗೆದುಕೊ, ಒಟ್ಟಾರೆ ಕ್ಷಮೆಯಲ್ಲಿ ಅದನ್ನು ಸೇರಿಸಿ ಮುಗಿಸಬೇಡ. ಆ 1033ರ ಚೀಟಿಯ ವಿಷಯವನ್ನೂ ನೀನಾಗಿ ಎತ್ತು. ಆಮೇಲೆ ಅವಳು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾಳೆ, ಅದಕ್ಕೆ ನೀನು ಸಿದ್ಧನಿರಬೇಕು; "ಹೇಳಿದೆನಲ್ಲ, ಇನ್ನೆಷ್ಟು ಸಲ" ಎಂದು ರೇಗಿದರೆ ಅದು ಐದನೆಯ ನೆಪವಾಗುತ್ತದೆ.

ಫೋನಿನಲ್ಲಿರುವ ಯಾವ ಮಾತುಕತೆಯನ್ನೂ ಈಗ ಅಳಿಸಬೇಡ. ಕೊಡಗಿನಲ್ಲಿ ರೆಸಾರ್ಟ್ ಕಾಯ್ದಿರಿಸುವ ಯೋಚನೆಯನ್ನೂ ಸದ್ಯಕ್ಕೆ ಬಿಡು. ಈ ಹೊತ್ತಿನಲ್ಲಿ ಅದು ಲಂಚದಂತೆ ಕಾಣುತ್ತದೆ. ಫಾಸ್ಟ್ಯಾಗಿಗೆ ನಿನ್ನ ಸಂಖ್ಯೆಯನ್ನು ಹಾಕಿಸಿಕೊಳ್ಳುವ ಆಲೋಚನೆ ನಿನಗೆ ಬಂದೇ ಇರುತ್ತದೆಂದು ನನಗೆ ಗೊತ್ತು, ಅದಕ್ಕೆ ಕೈ ಹಾಕಬೇಡ. ಆಫೀಸಿನ ಆ ಗೆಳೆಯನ ಮನೆಗೆ ನೀನೊಬ್ಬನೇ ಹೋಗಿ ಗಂಡಹೆಂಡತಿ ಇಬ್ಬರಿಗೂ ನಿಜ ಹೇಳಿ ಬಾ.

ನಿನ್ನ ಅಮ್ಮನಿಗೆ ನಾನು ಯಾವ ವಿವರವನ್ನೂ ಹೇಳಿಲ್ಲ, ಹೇಳುವುದೂ ಇಲ್ಲ. ಮೇಘನಾಳೊಂದಿಗೆ ನಿನ್ನ ಪರವಾಗಿ ಮಾತನಾಡಲು ಬರಬೇಕೆಂದು ಕೇಳಿದ್ದೆಯಲ್ಲ, ಅದಕ್ಕೆ ನಾನು ಬರುವುದಿಲ್ಲ. ಅವಳಾಗಿ ಕರೆದರೆ ಎಷ್ಟು ಹೊತ್ತಿನಲ್ಲಾದರೂ ಆಟೋ ಹಿಡಿದು ಬರುತ್ತೇನೆ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಮ್ಮ