ಅಮೆರಿಕದ ಫಲಿತಾಂಶಕ್ಕೆ ವಿದ್ಯಾನಗರದಲ್ಲೇಕೆ ಪಟಾಕಿ?

ಮಾನ್ಯ ಸಂಪಾದಕರೇ,

ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶ ಹೊರಬಿದ್ದ ದಿನ, ಅಂದರೆ 2024ರ ನ. 6ರಂದು, ದಾವಣಗೆರೆಯ ನಮ್ಮ ವಿದ್ಯಾನಗರದ ವೃತ್ತದಲ್ಲಿ ಡೊನಾಲ್ಡ್ ಟ್ರಂಪ್ ಅವರ ಗೆಲುವಿಗೆ ನಡೆದ ವಿಜಯೋತ್ಸವದ ಸುದ್ದಿಯನ್ನು ತಾವು ಮರುದಿನದ ಸಂಚಿಕೆಯಲ್ಲಿ ಚಿತ್ರಸಮೇತ ಪ್ರಕಟಿಸಿದ್ದೀರಿ. ಸಿಹಿ ಹಂಚಿದ್ದು, ಪಟಾಕಿ ಸಿಡಿಸಿದ್ದು, ಘೋಷಣೆ ಕೂಗಿದ್ದು ಎಲ್ಲವನ್ನೂ ವಿವರವಾಗಿ ಬರೆದಿರುವ ತಮ್ಮ ವರದಿಗಾರರು, ಆ ಹೊತ್ತಿನಲ್ಲಿ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡಿದ್ದವರ ಬಗ್ಗೆ ಒಂದು ಸಾಲನ್ನೂ ಬರೆದಿಲ್ಲ. ಹಾಗೆ ಸಿಕ್ಕಿಹಾಕಿಕೊಂಡವರಲ್ಲಿ ನಾನೂ ಒಬ್ಬ. ಅಲ್ಲಿದ್ದ ಅಷ್ಟೂ ಜನರ ಪೈಕಿ ಆ ಚುನಾವಣೆಯಲ್ಲಿ ನಿಜಕ್ಕೂ ಮತ ಹಾಕಿದ್ದವನು ಬಹುಶಃ ನಾನೊಬ್ಬನೇ. ನಾನು ಮತ ಹಾಕಿದ್ದ ಕಮಲಾ ಹ್ಯಾರಿಸ್ ಅವರು ಸೋತಿದ್ದರು.

ನಾನು ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಾದರೂ ದುಡಿದದ್ದು ಮಿಷಿಗನ್ ರಾಜ್ಯದ ಮೋಟಾರು ಕಾರ್ಖಾನೆಗಳಲ್ಲಿ. ಅಲ್ಲಿಯ ಪೌರತ್ವ ಪಡೆದವರು ಬೇರೆ ದೇಶದಲ್ಲಿ ನೆಲೆಸಿದರೂ, ಕಡೆಯದಾಗಿ ವಾಸವಿದ್ದ ರಾಜ್ಯದ ಮತದಾರರಾಗಿ ಮತ ಹಾಕಬಹುದು. ಮತಪತ್ರ ಇ-ಮೇಲ್‌ನಲ್ಲಿ ಬರುತ್ತದೆ. ಆದರೆ ನಮ್ಮಂಥವರು ಅದನ್ನು ಮುದ್ರಿಸಿ, ಗುರುತು ಹಾಕಿ, ಲಕೋಟೆಯ ಮೇಲೆ ಸಹಿ ಮಾಡಿ ಕಾಗದದ ರೂಪದಲ್ಲೇ ಹಿಂದಿರುಗಿಸಬೇಕು. ದಸರೆಗೂ ಮೊದಲೇ ಲಕೋಟೆ ಹಿಡಿದು ಅಂಚೆ ಕಚೇರಿಗೆ ಹೋದರೆ, ವಿದೇಶಿ ಸ್ಪೀಡ್ ಪೋಸ್ಟ್‌ಗೆ ಸರ್ವರ್ ಇಲ್ಲ ಎಂದರು. ಮಧ್ಯಾಹ್ನ ಊಟದ ವೇಳೆ ಎಂದರು. ಆಮೇಲೆ ಆ ಕೌಂಟರಿನವರು ರಜೆಯಲ್ಲಿದ್ದಾರೆ ಎಂದರು. ಕೊನೆಗೆ ಖಾಸಗಿ ಕೊರಿಯರ್‌ನವರಿಗೆ ದುಬಾರಿ ಹಣ ತೆತ್ತು ಕಳುಹಿಸಿದೆ. ಮಿಷಿಗನ್‌ನಲ್ಲಿ ಹ್ಯಾರಿಸ್ ಅವರು ಸುಮಾರು 80 ಸಾವಿರ ಮತಗಳಿಂದ ಹಿಂದೆ ಬಿದ್ದರು. ಒಂದು ಮತ ಹೆಚ್ಚು ಪಡೆದವರಿಗೂ ಆ ರಾಜ್ಯದ 15 ಎಲೆಕ್ಟೋರಲ್ ಮತಗಳು (ರಾಜ್ಯವಾರು ಹಂಚಿದ, ಅಧ್ಯಕ್ಷರನ್ನು ಕೊನೆಗೆ ಆರಿಸುವ ಮತಗಳು) ಇಡಿಯಾಗಿ ಸೇರುವುದರಿಂದ, ನನ್ನ ಪಾಲಿಗೆ ಉಳಿದದ್ದು ಕೊರಿಯರ್ ರಸೀದಿ ಮಾತ್ರ.

ಸೋಲು ಸೋಲೇ, ಅದಕ್ಕೆ ತಕರಾರಿಲ್ಲ. 2016ರಲ್ಲಿ ಹಿಲರಿ ಕ್ಲಿಂಟನ್ ಅವರು ದೇಶದಾದ್ಯಂತ 28 ಲಕ್ಷಕ್ಕೂ ಹೆಚ್ಚು ಮತಗಳನ್ನು ಅಧಿಕವಾಗಿ ಪಡೆದೂ ಸೋತರು. ಮಿಷಿಗನ್‌ನಲ್ಲಿ ಅವರು ಸೋತ ಅಂತರ ಬರೀ 10,704 ಮತ. ಆಗ ನಾನು ಅಲ್ಲೇ ಇದ್ದೆ. ಗೆದ್ದವರ ಕಡೆಯವರಾದ ಪಕ್ಕದ ಮನೆಯವರು ಅಂಗಳದಲ್ಲಿ ನೆಟ್ಟಿದ್ದ ಫಲಕವನ್ನು ಕಿತ್ತು ಗ್ಯಾರೇಜಿನಲ್ಲಿಟ್ಟು, ಎಂದಿನಂತೆ ನಮಸ್ಕಾರ ಹೇಳಿ ಕೆಲಸಕ್ಕೆ ಹೋದರು. (ಅಲ್ಲಿಯವರೆಲ್ಲ ಸಾಧುಗಳೆಂದು ನಾನು ಹೇಳುತ್ತಿಲ್ಲ, 2021ರ ಜನವರಿ 6ರಂದು ಸಂಸತ್ ಭವನಕ್ಕೇ ನುಗ್ಗಿದ್ದನ್ನು ಜಗತ್ತೇ ನೋಡಿದೆ.) ಆದರೆ ಮತದ ಹಕ್ಕೇ ಇಲ್ಲದ ದಾವಣಗೆರೆಯಲ್ಲಿ ಈ ಸಂಭ್ರಮ ಯಾರ ಪುರುಷಾರ್ಥಕ್ಕೆ?

ಅಂದು ಮಧ್ಯಾಹ್ನ ನನ್ನ ಪತ್ನಿಯನ್ನು ಮೊಣಕಾಲಿನ ಫಿಸಿಯೋಥೆರಪಿಗೆ ಕರೆದೊಯ್ಯಬೇಕಿತ್ತು. ವೃತ್ತ ತಲುಪುತ್ತಿದ್ದಂತೆಯೇ ದೀಪಾವಳಿಯಲ್ಲಿ ಉಳಿದಿದ್ದ ಸರಪಟಾಕಿಯನ್ನು ನಡುರಸ್ತೆಯಲ್ಲಿ ಹಾಸಿ ಹಚ್ಚಿದರು. ಆಟೊ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಹೊಗೆಗೆ ಆಕೆಗೆ ಕೆಮ್ಮು ಹತ್ತಿತು, ಚಿಕಿತ್ಸೆಯ ಸಮಯ ಮೀರಿತು, ಆಟೊದವರು ಕಾದದ್ದಕ್ಕೆಂದು ಮೀಟರಿಗಿಂತ ಹೆಚ್ಚು ಕೇಳಿದರು, ಕೊಟ್ಟೆ. ಅಷ್ಟರಲ್ಲಿ ಒಬ್ಬ ಹುಡುಗ ಪತ್ರಿಕೆಯ ತುಂಡಿನಲ್ಲಿ ಮೈಸೂರುಪಾಕಿನ ಚೂರೊಂದನ್ನು ಆಟೊದೊಳಗೆ ಚಾಚಿ, ‘ನಿಮ್ಮ ಅಮೆರಿಕದೋರು ಗೆದ್ರಲ್ರೀ ಅಂಕಲ್, ಬಾಯಿ ಸಿಹಿ ಮಾಡ್ಕಳ್ರಿ’ ಎಂದ. ಆ ಸಿಹಿಯನ್ನು ನಾನು ಯಾವ ಮುಖ ಹೊತ್ತು ತಿನ್ನಬೇಕಿತ್ತು? ಮೇಲೆ ನೋಡಿದರೆ ವಿದ್ಯುತ್ ಕಂಬಕ್ಕೆ ಬಿಗಿದ ಫ್ಲೆಕ್ಸ್: ನಡುವೆ ಡೊನಾಲ್ಡ್ ಟ್ರಂಪ್, ಕೆಳಗೆ ಅಂಚೆಚೀಟಿ ಗಾತ್ರದಲ್ಲಿ ನಮ್ಮ ಬಡಾವಣೆಯ ಯುವ ಮುಖಂಡರ ಸಾಲು, ಎಲ್ಲರೂ ಕಪ್ಪು ಕನ್ನಡಕ ಧರಿಸಿ ಕೈಮುಗಿದವರೇ. ಶ್ವೇತಭವನದವರು ಇವರ ಋಣವನ್ನು ಹೇಗೆ ತೀರಿಸುತ್ತಾರೋ ಕಾದು ನೋಡಬೇಕು.

ಕೂಡಲೇ ಪೊಲೀಸರಿಗೆ ಕರೆ ಮಾಡಿದೆ. ಸಿಬ್ಬಂದಿಯನ್ನು ಶಿಗ್ಗಾವಿ ಉಪಚುನಾವಣೆಯ ಬಂದೋಬಸ್ತಿಗೆ ಕಳುಹಿಸಲಾಗಿದೆ, ಇಲ್ಲಿ ಯಾವ ಚುನಾವಣೆಯೂ ಇಲ್ಲವಲ್ಲ ಸಾರ್, ಎಂಬ ಉತ್ತರ ಬಂತು. ಫ್ಲೆಕ್ಸ್‌ಗಳನ್ನು ನಿರ್ಬಂಧಿಸುವ ಕಾಯ್ದೆ 1981ರಿಂದಲೂ ಈ ರಾಜ್ಯದಲ್ಲಿದೆ. ಅದನ್ನು ಜಾರಿ ಮಾಡಬೇಕಾದವರ ಕಚೇರಿಯ ಗೋಡೆಯ ಮೇಲೇ ಹುಟ್ಟುಹಬ್ಬದ ಫ್ಲೆಕ್ಸ್‌ಗಳು ನೇತಾಡುತ್ತಿರುವಾಗ ಯಾರನ್ನು ಕೇಳುವುದು?

ಈ ಅಧಿಕಾರಿಗಳ ವಿಚಾರವೇ ಹೀಗೆ. ಸ್ಮಾರ್ಟ್ ಸಿಟಿ ಯೋಜನೆಗೆ 2016ರ ಜನವರಿಯಲ್ಲಿ ಆಯ್ಕೆಯಾದ ದೇಶದ ಮೊದಲ 20 ನಗರಗಳಲ್ಲಿ ನಮ್ಮ ಊರೂ ಇತ್ತು ಎಂದು ಅಮೆರಿಕದಲ್ಲಿದ್ದಾಗ ಓದಿ ಹೆಮ್ಮೆಪಟ್ಟಿದ್ದೆ. ಬಂದು ನೋಡಿದರೆ, ನೀರಿನ ಕೊಳವೆಗೆಂದು ನಮ್ಮ ಅಡ್ಡರಸ್ತೆಯಲ್ಲಿ ಅಗೆದ ಗುಂಡಿಗೆ ಮಣ್ಣು ಮುಚ್ಚಿದ್ದಾರೆಯೇ ಹೊರತು ಡಾಂಬರು ಕಂಡಿಲ್ಲ. ಹದಡಿ ರಸ್ತೆಗೆ ಹೋಗುವ ಆಟೊಗಳು ಆ ಕಾರಣಕ್ಕೇ ವೃತ್ತವನ್ನು ಸುತ್ತಿ ಬರಬೇಕು. ಈ ಬಗ್ಗೆ ಸಂಬಂಧಪಟ್ಟ ಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಅಲ್ಲಿದ್ದವರು ಕಂಪ್ಯೂಟರಿನಲ್ಲಿ ಹುಡುಕಿ, ‘ನಿಮ್ಮ ಹೆಸರು ಮತದಾರರ ಪಟ್ಟಿಯಲ್ಲೇ ಇಲ್ಲವಲ್ಲ’ ಎಂದರು. ನಿಜ, ವಿದೇಶಿ ಪೌರತ್ವ ಪಡೆದವನಿಗೆ ಇಲ್ಲಿ ಮತವಿಲ್ಲ. ಆದರೆ ಆಸ್ತಿ ತೆರಿಗೆ ಕಟ್ಟಿಸಿಕೊಳ್ಳುವಾಗ ಯಾರೂ ಆ ಪಟ್ಟಿಯನ್ನು ತೆರೆದು ನೋಡಲಿಲ್ಲ.

ಆದ್ದರಿಂದ ಅನ್ಯದೇಶದ ಚುನಾವಣೆಗಳ ವಿಜಯೋತ್ಸವವನ್ನು ಜಿಲ್ಲಾಡಳಿತ ಕೂಡಲೇ ನಿಷೇಧಿಸಬೇಕು, ಇಲ್ಲವೇ ಅದಕ್ಕೆಂದು ಊರ ಹೊರಗೆ ಒಂದು ಮೈದಾನವನ್ನಾದರೂ ಗೊತ್ತುಪಡಿಸಬೇಕು. ನಮ್ಮ ಅಡ್ಡರಸ್ತೆಗೆ ಡಾಂಬರು ಹಾಕಬೇಕು. ತಮ್ಮ ಪತ್ರಿಕೆಯೂ ಇಂಥವರಿಗೆ ಚಿತ್ರಸಮೇತ ಪ್ರಚಾರ ಕೊಡುವ ಮುನ್ನ ಸ್ವಲ್ಪ ಯೋಚಿಸಬೇಕು. ಅಂದು ಕೂಗಾಡಿದ ಮುಖಂಡರಲ್ಲಿ ಒಬ್ಬರಾದರೂ ಮಿಷಿಗನ್ ಎಲ್ಲಿದೆ ಎಂದು ಭೂಪಟದಲ್ಲಿ ತೋರಿಸಲಿ. ಅದು ಆಗದಿದ್ದರೆ, ಆ ಕಂಬದ ಮೇಲಿನ ಫ್ಲೆಕ್ಸನ್ನಾದರೂ ಇಳಿಸಿಕೊಂಡು ಹೋಗಲಿ, ನಾಚಿಕೆಯಾಗಬೇಕು ಇವರಿಗೆ.

– ಹಿರಿಯ ನಾಗರಿಕ, ವಿದ್ಯಾನಗರ, ದಾವಣಗೆರೆ