ಸಚಿವರೇ, ಆ ಬೆಳಕನ್ನು ಸರಿ ಮಾಡಿಸಿ, ಇಲ್ಲವೇ ಆರಿಸಿ

ಮಾನ್ಯ ಸಾರಿಗೆ ಸಚಿವರಿಗೆ ನಮಸ್ಕಾರ.

ನಾನು ದಿನಾ ಓಡಾಡುವ ಮೆಟ್ರೋ ನಿಲ್ದಾಣದ ನೆಲದಡಿಯ ದಾರಿಯಲ್ಲಿ ಒಂದು ಬೆಳಕಿನ ಕಲಾಕೃತಿ ಇದೆ. ನೀವೇ ಗುಂಡಿ ಒತ್ತಿ ಉದ್ಘಾಟಿಸಿದ್ದು. ಎರಡೂ ಗೋಡೆಗೆ ಎಲ್‌ಇಡಿ ಪ್ಯಾನಲ್‌ಗಳು. ನೀಲಿ ಬೆಳಕು ನಿಧಾನವಾಗಿ ಹಸಿರಿಗೆ ತಿರುಗುತ್ತಿತ್ತು. ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಈಗ ಅರ್ಧ ಸತ್ತಿದೆ, ಉಳಿದರ್ಧ ಪಟಪಟ ಮಿನುಗುತ್ತಿದೆ.

ನನಗೆ ಮೈಗ್ರೇನ್ ಇದೆ. ಪ್ಲಾಟ್‌ಫಾರಂಗೆ ಬೇರೆ ದಾರಿ ಇಲ್ಲ. ಹಣೆಗೆ ಕೈ ಅಡ್ಡ ಹಿಡಿದು, ನೆಲ ನೋಡಿಕೊಂಡು ನಡೆಯುತ್ತೇನೆ. ಎದುರಿಗೆ ಬಂದವರಿಗೆ ಡಿಕ್ಕಿ ಹೊಡೆದು ಬೈಸಿಕೊಂಡಿದ್ದೂ ಆಗಿದೆ. ಆಫೀಸು ಮುಟ್ಟುವಷ್ಟರಲ್ಲಿ ಎಡಗಣ್ಣಿನ ಹಿಂದೆ ನೋವು ಶುರು. ಮಧ್ಯಾಹ್ನದ ಊಟ ಸೇರಲ್ಲ, ಯಾರ ಮಾತೂ ಬೇಡ ಅನಿಸುತ್ತದೆ. ನನ್ನದು ಬಿಡಿ. ಸೆಕೆಂಡಿಗೆ 3ರಿಂದ 30 ಸಲ ಮಿನುಗುವ ಬೆಳಕು ಕೆಲವರಿಗೆ ಫಿಟ್ಸ್ ತರಿಸಬಹುದು. ಸುರಕ್ಷತೆಯ ನಿಯಮ ನಿಮಗೆ ನಾನು ಹೇಳಿಕೊಡಬೇಕಾ?

ದೂರು ಕೊಟ್ಟೆ. ನಿಲ್ದಾಣದವರು "ಅದು ಕಲೆ, ನಮ್ಮ ವ್ಯಾಪ್ತಿಗೆ ಬರಲ್ಲ" ಅಂದರು. ವಿದ್ಯುತ್ ವಿಭಾಗದವರು "ಗುತ್ತಿಗೆ ಮುಗಿದಿದೆ" ಅಂದರು.

ಆಮೇಲೆ ನಿಮ್ಮ ಭೇಟಿ ಬಂತು. ಹಿಂದಿನ ರಾತ್ರಿ ಗಡಿಬಿಡಿಯೋ ಗಡಿಬಿಡಿ. ರಿಪೇರಿ ಅಂದುಕೊಂಡೆ. ಬೆಳಿಗ್ಗೆ ನೋಡಿದರೆ, ಕೆಟ್ಟ ಪ್ಯಾನಲ್‌ಗಳ ಮೇಲೆ ನಿಮ್ಮ ಸ್ವಾಗತದ ಬ್ಯಾನರ್! ಹಿಂದಿನ ದೀಪ ಮಾತ್ರ ಸುಮ್ಮನಿರಲಿಲ್ಲ. ಕೈ ಮುಗಿದು ನಗುತ್ತಿದ್ದ ನಿಮ್ಮ ಮುಖ ಹೊತ್ತುತ್ತಿತ್ತು, ಆರುತ್ತಿತ್ತು, ಹೊತ್ತುತ್ತಿತ್ತು. ನೀವು ಅದರ ಮುಂದೆಯೇ ನಿಂತು ಫೋಟೋ ತೆಗೆಸಿಕೊಂಡಿರಿ. ನಿಮ್ಮ ಕಣ್ಣಿಗೆ ಏನೂ ಅನಿಸಲಿಲ್ವಾ? ಸರಿ ಮಾಡಿಸಿ ಸ್ವಾಮಿ.

ಎಲ್‌ಇಡಿ ಬೇಗ ಕೆಡುವ ವಸ್ತುವಲ್ಲ. ಸಾಮಾನ್ಯವಾಗಿ ಮೊದಲು ಕೈ ಕೊಡುವುದು ಅದಕ್ಕೆ ಕರೆಂಟ್ ಕೊಡುವ ಡ್ರೈವರ್. ಅದನ್ನು ಬದಲಾಯಿಸಬಹುದು. ಬದಲಾಯಿಸುವವರು ಯಾರು, ದುಡ್ಡು ಎಲ್ಲಿಂದ ಅಂತ ಕಲಾಕೃತಿ ಹಾಕಿಸುವಾಗಲೇ ಬರೆದಿಡಬೇಕಿತ್ತು, ಅಲ್ವಾ? ಟೊರಾಂಟೋದ ಯಾರ್ಕ್‌ಡೇಲ್ ನಿಲ್ದಾಣದಲ್ಲಿ 1978ರಲ್ಲಿ ನಿಯಾನ್ ಕಾಮನಬಿಲ್ಲು ಹಾಕಿಸಿದರು. ನಿರ್ವಹಣೆ ಸರಿಯಾಗದೆ 1990ರ ದಶಕದಲ್ಲಿ ಕಿತ್ತರು. ನ್ಯೂಯಾರ್ಕಿನ ಸುರಂಗವೊಂದರಲ್ಲಿ, ಓಡುವ ರೈಲಿನ ಕಿಟಕಿಯಿಂದ ನೋಡಿದರೆ ಚಲಿಸುವಂತೆ ಕಾಣುವ ಚಿತ್ರಗಳಿವೆ. 1980ರದ್ದು. ಅದೂ ದೀಪ ಕೆಟ್ಟು, ಗೀಚುಬರಹ ತುಂಬಿ ಹಾಳಾಗಿತ್ತು. 2008ರಲ್ಲಿ ತೊಳೆದು, ಮತ್ತೆ ದೀಪ ಹಾಕಿದರು. ಮನಸ್ಸಿದ್ದರೆ ಆಗುತ್ತದೆ.

ಕಲೆ ಬೇಡ ಅಂತ ನಾನು ಹೇಳುತ್ತಿಲ್ಲ. ಸರಿ ಮಾಡಿಸಿ ಅಂತ ಹೇಳುತ್ತಿದ್ದೇನೆ. ಮಿನುಗುವ ಪ್ಯಾನಲ್‌ಗಳನ್ನು ಇವತ್ತೇ ಆರಿಸಿ, ಅದಕ್ಕೆ ಒಂದು ಸ್ವಿಚ್ ಸಾಕು. ರಿಪೇರಿ ಆಗುವವರೆಗೆ ಮಾಮೂಲಿ ಬಿಳಿ ದೀಪ ಹಾಕಿಸಿ. ನಿರ್ವಹಣೆ ಯಾವ ವಿಭಾಗದ್ದು ಅಂತ ಬರವಣಿಗೆಯಲ್ಲಿ ತಿಳಿಸಿ. ಮತ್ತೆ ಸರಿ ಮಾಡಿಸಿ. ಯಾವ ತಾರೀಖಿಗೆ ಅಂತಲೂ ಹೇಳಿ. "ಪರಿಶೀಲಿಸಲಾಗುವುದು" ಅನ್ನುವ ಉತ್ತರ ನನ್ನ ಹತ್ತಿರ ಈಗಾಗಲೇ ಜಾಸ್ತಿ ಇದೆ.

ಇತಿ,
ಒಬ್ಬ ಪ್ರಯಾಣಿಕ