ಬಿಸಿನೀರಿನ ಬುಗ್ಗೆ: ‘ಕ್ಲೋರಿನ್ ಇಲ್ಲ’ ಎಂಬುದು ಹೆಗ್ಗಳಿಕೆಯೇ?

ಮಾನ್ಯ ಸಂಪಾದಕರೇ,

ರಜೆ ಬಂತೆಂದರೆ ಹಿಮಾಚಲದ ಮಣಿಕರಣ್, ಮಹಾರಾಷ್ಟ್ರದ ವಜ್ರೇಶ್ವರಿಯ ಬಿಸಿನೀರಿನ ಬುಗ್ಗೆಗಳ ಕಡೆ ಹೊರಡುವ ಕನ್ನಡಿಗರು ಬಹಳ. ಜಪಾನಿನ ಒನ್ಸೆನ್ (ಬಿಸಿನೀರಿನ ಬುಗ್ಗೆಯ ಸ್ನಾನಗೃಹ) ನೋಡಿ ಬರುವವರೂ ಇದ್ದಾರೆ. ಪ್ರವಾಸ ಬರಹಗಳಲ್ಲಿ ‘ಶುದ್ಧ ನೈಸರ್ಗಿಕ ನೀರು, ಕ್ಲೋರಿನ್ ಹಾಕುವುದಿಲ್ಲ’ ಎಂಬ ಹೊಗಳಿಕೆ ಪದೇ ಪದೇ ಕಾಣುತ್ತದೆ. ಹೊಸ ನೀರು ಸದಾ ಹರಿದು ಬಂದು ಹೊರಹೋಗುವ ಕೊಳವಾದರೆ ಚಿಂತೆ ಕಡಿಮೆ. ಅದೇ ನೀರನ್ನು ಪಂಪು, ಫಿಲ್ಟರ್ ಮೂಲಕ ಸುತ್ತಿಸುವ ತೊಟ್ಟಿಯಾದರೆ ಇಳಿಯದಿರುವುದೇ ಲೇಸು.

ಬಿಸಿಗೆ ರೋಗಾಣು ಸಾಯುತ್ತದೆ ಎಂಬ ಮಾತು 60 ಡಿಗ್ರಿ ಸೆಲ್ಸಿಯಸ್ ದಾಟಿದ ನೀರಿಗೆ ಒಪ್ಪುತ್ತದೆ. ಮನುಷ್ಯ ಕೂರಬಲ್ಲ ನೀರು 38ರಿಂದ 42 ಡಿಗ್ರಿ. ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬೆಳೆಯುವುದು 25ರಿಂದ 45ರೊಳಗೆ. ಮಣಿಕರಣ್‌ನ ಬುಗ್ಗೆಯಲ್ಲಿ ಅನ್ನವೇ ಬೇಯುತ್ತದೆ, ನಿಜ. ಆದರೆ ಸ್ನಾನಕ್ಕೆ ತಣ್ಣೀರು ಬೆರೆಸಿದ ಮೇಲೆ ಆ ರಕ್ಷಣೆ ಉಳಿಯದು. ನಮ್ಮ ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರ್ ತೀರ್ಥದ ನೀರಂತೂ ಮೂಲದಲ್ಲೇ ಮೈಬಿಸಿಯ ಆಸುಪಾಸಿನದು.

ಈ ರೋಗಾಣು ಪೈಪು, ಫಿಲ್ಟರಿನ ಒಳಗೋಡೆಗೆ ಅಂಟಿದ ಲೋಳೆಯಲ್ಲಿ, ಅಲ್ಲಿನ ಅಮೀಬಾಗಳ ಹೊಟ್ಟೆಯೊಳಗೇ ಮರಿಹಾಕುತ್ತದೆ. ಕೊಳದ ನೀರು ಕನ್ನಡಿಯಂತಿದ್ದರೂ ಲೋಳೆ ಇದ್ದೇ ಇರಬಹುದು. ನೀರು ಕುಡಿದವರಿಗಿಂತ ಗುಳ್ಳೆ ಚಿಮ್ಮುವಾಗ ಏಳುವ ಸಣ್ಣ ಹನಿಗಳನ್ನು ಉಸಿರಾಡಿದವರಿಗೆ ಅಪಾಯ. ಅದರಲ್ಲೂ 50 ದಾಟಿದವರು, ಧೂಮಪಾನಿಗಳು, ಮಧುಮೇಹಿಗಳಿಗೆ.

ಒನ್ಸೆನ್ ಸಂಸ್ಕೃತಿಯನ್ನೇ ಹೊದ್ದಿರುವ ಜಪಾನಿಗೂ ಇದರ ಪೆಟ್ಟು ಬಿದ್ದಿದೆ. 2002ರಲ್ಲಿ ಮಿಯಾಜಾಕಿ ಪ್ರಾಂತ್ಯದ ಹ್ಯೂಗಾದಲ್ಲಿ ಆಗಷ್ಟೇ ತೆರೆದಿದ್ದ ಸ್ನಾನಗೃಹವೊಂದರಿಂದ, ಶಂಕಿತರೂ ಸೇರಿ 295 ಮಂದಿಗೆ ಸೋಂಕು ತಗುಲಿ 7 ಮಂದಿ ತೀರಿಕೊಂಡರು. ಅಲ್ಲಿನ ಮಿತಿ 100 ಮಿ.ಲೀ. ನೀರಿಗೆ 10 ರೋಗಾಣು. 2023ರಲ್ಲಿ ಫುಕುವೊಕಾ ಪ್ರಾಂತ್ಯದ ಹಳೆಯ ವಸತಿಗೃಹವೊಂದರಲ್ಲಿ ಆ ಮಿತಿಯ 3,700 ಪಟ್ಟು ಇದ್ದದ್ದು ಬಯಲಾಯಿತು. ವಾರಕ್ಕೊಮ್ಮೆ ಬದಲಿಸಬೇಕಿದ್ದ ನೀರನ್ನು ವರ್ಷಕ್ಕೆ ಎರಡೇ ಸಲ ಬದಲಿಸುತ್ತಿದ್ದರು. ಕ್ಲೋರಿನ್ ವಾಸನೆ ಮಾಲೀಕರಿಗೆ ಹಿಡಿಸುತ್ತಿರಲಿಲ್ಲವಂತೆ!

ಹಾಗೆಂದು ಕಣ್ಣಂದಾಜಿನಲ್ಲಿ ಬ್ಲೀಚಿಂಗ್ ಪೌಡರ್ ಸುರಿದರೂ ಕೆಲಸವಾಗದು. 10,000 ಲೀಟರ್ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ. ಕ್ಲೋರಿನ್ ಬರಲು ಶೇ 33ರ ಪುಡಿ 30 ಗ್ರಾಂ ಸಾಕು, ಅದು ಬರೀ ನೀರಿನ ಲೆಕ್ಕ. ಗಂಧಕದ ಬುಗ್ಗೆಯಲ್ಲಿ ಒಂದು ಮಿ.ಗ್ರಾಂ. ಹೈಡ್ರೋಜನ್ ಸಲ್ಫೈಡ್ ಎರಡರಿಂದ ಎಂಟು ಮಿ.ಗ್ರಾಂ. ಕ್ಲೋರಿನ್ ನುಂಗಿಬಿಡುತ್ತದೆ. ಕಬ್ಬಿಣ, ಅಮೋನಿಯಾ, ಸ್ನಾನ ಮಾಡುವವರ ಬೆವರೂ ಪಾಲು ಕೇಳುತ್ತವೆ. ನೀರಿನ ಆಮ್ಲ–ಕ್ಷಾರ ಗುಣದ ಅಳತೆಯಾದ ಪಿಎಚ್ 7.5 ಇದ್ದಾಗ ಉಳಿದ ಕ್ಲೋರಿನ್‌ನಲ್ಲಿ ಅರ್ಧದಷ್ಟು ಚುರುಕಾಗಿರುತ್ತದೆ, 8.5 ಆದರೆ ಹತ್ತರಲ್ಲೊಂದು ಭಾಗ ಮಾತ್ರ. ಆದ್ದರಿಂದ ಹಾಕಿದ್ದೆಷ್ಟು ಎನ್ನುವುದಕ್ಕಿಂತ ಉಳಿದದ್ದೆಷ್ಟು ಎಂದು, ಬಣ್ಣದಿಂದ ಕ್ಲೋರಿನ್ ಅಳೆಯುವ ಡಿಪಿಡಿ ಕಿಟ್‌ನಿಂದ ದಿನಕ್ಕೆ ಹಲವು ಬಾರಿ ನೋಡಬೇಕು. ಆಮ್ಲೀಯ ಬುಗ್ಗೆಗೆ ಮಾತ್ರ ಬ್ಲೀಚ್ ಸುರಿಯಲೇಬಾರದು, ವಿಷಾನಿಲ ಏಳುತ್ತದೆ. ಪಿಎಚ್ 2ರ ಆಸುಪಾಸಿನ ಜಪಾನಿನ ಕುಸಾತ್ಸು ಬುಗ್ಗೆಯಂಥ ನೀರಿನಲ್ಲಿ ಲೀಜಿಯೊನೆಲ್ಲಾ ಬೆಳೆಯುವುದೂ ಇಲ್ಲ. ವಾರಕ್ಕೊಮ್ಮೆ ಫಿಲ್ಟರನ್ನು ಹಿಮ್ಮುಖವಾಗಿ ತೊಳೆದು, ಜನರಿಲ್ಲದಾಗ ಲೀಟರಿಗೆ 5ರಿಂದ 10 ಮಿ.ಗ್ರಾಂ. ಕ್ಲೋರಿನ್ ಇರುವ ನೀರನ್ನು ಕೆಲವು ಗಂಟೆ ಸುತ್ತಿಸಿ, ತೊಟ್ಟಿ ಖಾಲಿ ಮಾಡಿ ಉಜ್ಜಬೇಕು.

ಕೊಡಗು, ಚಿಕ್ಕಮಗಳೂರಿನ ರೆಸಾರ್ಟುಗಳ ಜಕೂಜಿಗಳಿಗೂ ಇದೇ ಮಾತು. ಅಲ್ಲಿ ಕಾಡುವ ಇನ್ನೊಂದು ರೋಗಾಣು ಸ್ಯೂಡೊಮೊನಾಸ್: ಒಂದೆರಡು ದಿನದಲ್ಲಿ ಈಜುಡುಗೆಯ ಕೆಳಗೆ ಕೆಂಪು ಗುಳ್ಳೆ ಏಳುತ್ತವೆ, ಸಾಮಾನ್ಯವಾಗಿ ತಾವೇ ಮಾಯುತ್ತವೆ.

‘ನೀರು ಪರೀಕ್ಷೆ ಮಾಡಿಸಿದ್ದೇವೆ’ ಎಂದರೆ ಯಾವ ಪರೀಕ್ಷೆ ಎಂದು ಕೇಳಿ. ಮಲದ ಕಲುಷಿತ ಪತ್ತೆಗೆ ಮಾಡುವ ಕೋಲಿಫಾರ್ಮ್ ಪರೀಕ್ಷೆಯಲ್ಲಿ ಲೀಜಿಯೊನೆಲ್ಲಾ ಕಾಣಿಸದು. ಅದನ್ನು ಬೇರೆಯೇ ಪೋಷಕ ಮಾಧ್ಯಮದಲ್ಲಿ ಬೆಳೆಸಿ ಹತ್ತು ದಿನದವರೆಗೆ ಕಾಯಬೇಕು. ಮಾದರಿ ಬಾಟಲಿಯಲ್ಲಿ ಕ್ಲೋರಿನ್ ಅಡಗಿಸುವ ಸೋಡಿಯಂ ಥಯೋಸಲ್ಫೇಟ್ ಇಲ್ಲದಿದ್ದರೆ ದಾರಿಯಲ್ಲೇ ಕ್ಲೋರಿನ್ ರೋಗಾಣುಗಳನ್ನು ಕೊಂದು ಸುಳ್ಳು ನೆಮ್ಮದಿ ಕೊಡುತ್ತದೆ. ಆರೋಗ್ಯ ಇಲಾಖೆ ಇಂಥ ತೊಟ್ಟಿಗಳ ಪಕ್ಕ ದಿನದ ಕ್ಲೋರಿನ್, ಪಿಎಚ್, ಕೊನೆಯ ಸಲ ನೀರು ಬದಲಿಸಿದ ದಿನಾಂಕ ಬರೆದ ಫಲಕವನ್ನು ಕಡ್ಡಾಯ ಮಾಡಲಿ.

ಬಿಸಿನೀರಿನಲ್ಲಿ ಮಿಂದು ಬಂದ ಎರಡು ವಾರದೊಳಗೆ ಜ್ವರ, ಕೆಮ್ಮು, ಉಬ್ಬಸ ಬಂದರೆ ಆ ಸ್ನಾನದ ವಿಷಯವನ್ನು ವೈದ್ಯರಿಗೆ ಹೇಳಲೇಬೇಕು. ಪೆನಿಸಿಲಿನ್ ಬಗೆಯ ಔಷಧಗಳು ಲೀಜಿಯೊನೆಲ್ಲಾಗೆ ನಾಟುವುದಿಲ್ಲ. ಅಜಿತ್ರೊಮೈಸಿನ್ ಅಥವಾ ಲೆವೊಫ್ಲಾಕ್ಸಸಿನ್ ಬೇಕಾಗುತ್ತದೆ.

– ಸೂಕ್ಷ್ಮಾಣುಜೀವಿಶಾಸ್ತ್ರ ಅಧ್ಯಾಪಕರು, ಮಂಗಳೂರು